ಬಾಣಲೆಗೆ ಬಿದ್ದ ಗುಬ್ಬಿ

ನಮ್ಮೂರಿನಲ್ಲಿ ಹಪ್ಪಳ ಹಾಕುವ ಮುಂಚೆ ಯಾರೂ ತಲೆಯೆತ್ತಿ ಆಕಾಶ ನೋಡುವುದಿಲ್ಲ. ಹೆಂಗಸರು ನೇರ ಬಾವಿಕಟ್ಟೆಗೆ ಬಂದು, "ಹೊನ್ನಕ್ಕಾ, ಇವತ್ತು ಮಂಗಳದಲ್ಲಿ ಹೆಂಗೈತೆ?" ಎಂದು ನನ್ನನ್ನು ಕೇಳುತ್ತಾರೆ. ನಾನು ಪರವಾಗಿಲ್ಲ ಅಂದರೆ ಹಿಟ್ಟು ಕಲಸುತ್ತಾರೆ, ತಲೆ ಅಲ್ಲಾಡಿಸಿದರೆ ಲಟ್ಟಣಿಗೆ ತೊಳೆದಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಬಾವಿ ಇರುವ ಬೀದಿಯಲ್ಲಿ ಗಾಳಿ ಸದಾ ಬಾವಿಯ ಕಡೆಗೇ ಹರಿಯುತ್ತದೆ. ತಂತಿಯ ಮೇಲೆ ಹರವಿದ ಸೀರೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಬೆಳಿಗ್ಗೆ ಹಾಕಿದ ಹಪ್ಪಳ ಮಧ್ಯಾಹ್ನದ ಊಟಕ್ಕೆ ಗರಿಗರಿ. ಹೊಸದಾಗಿ ಬಂದ ನೆಂಟರು ಎಚ್ಚರ ತಪ್ಪಿದರೆ ಅವರ ಟೋಪಿ, ಟವೆಲು ಬಾವಿಗೆ ಹಾರಿಹೋಗುತ್ತವೆ. "ಹೋಗ್ಲಿ ಬಿಡಿ, ಮಂಗಳದಲ್ಲಿ ಯಾರಾದ್ರೂ ಹಾಕ್ಕೋತಾರೆ" ಎಂದು ನಾವು ಸಮಾಧಾನ ಹೇಳುತ್ತೇವೆ.

ಬಾವಿಯಲ್ಲಿ ನೀರಿಲ್ಲ. ಬಗ್ಗಿ ನೋಡಿದರೆ ಆಳದಲ್ಲಿ ಬೆಲ್ಲದ ನೀರಿನ ಬಣ್ಣದ ಆಕಾಶ ಕಾಣುತ್ತದೆ. ಅದು ಮಂಗಳ ಗ್ರಹದ ಆಕಾಶ. ಇಲ್ಲಿಂದ ಹಾಕಿದ್ದೆಲ್ಲ ಅಲ್ಲಿಗೆ ಹೋಗಿ ಬೀಳುತ್ತದೆ. ಯಾವ ಮೂಲೆಗೆ ಬೀಳುತ್ತದೆ ಅನ್ನುವುದು ಮಾತ್ರ ಹಾಕಿದ ಗಳಿಗೆಗೆ ಬಿಟ್ಟದ್ದು. ಇದರಿಂದ ನಮಗೆ ಅನುಕೂಲವೇ ಹೆಚ್ಚು, ಒಂದು ಭಯ ಬಿಟ್ಟರೆ. ಅಲ್ಲಿ ಧೂಳಿನ ಬಿರುಗಾಳಿ ಎದ್ದು ಇಡೀ ಮಂಗಳವನ್ನು ಸುತ್ತಿಕೊಂಡರೆ ಬಾವಿ ಉಸಿರೆಳೆಯುವುದು ನಿಲ್ಲಿಸಿ ಉಗುಳಲು ಶುರುಮಾಡುತ್ತದೆ. ನಮ್ಮಜ್ಜಿ ದೊಡ್ಡತಾಯಮ್ಮ ಚಿಕ್ಕವಳಿದ್ದಾಗ ಒಮ್ಮೆ ಮುಚ್ಚಳ ಹಾಕುವುದು ತಡವಾಗಿ ಊರೆಲ್ಲ ಕಿಟಕಿಯ ಮಟ್ಟಕ್ಕೆ ಕೆಂಧೂಳಿನಲ್ಲಿ ಹೂತುಹೋಗಿತ್ತಂತೆ. ಕೋಳಿಗಳನ್ನು ಕೂಗು ಕೇಳಿ ಅಗೆದು ತೆಗೆದರಂತೆ. ಆಮೇಲೆ ಬಹಳ ಕಾಲ ಹಸು ಕರೆದರೆ ಹಾಲು ಕೆಂಪಗೆ ಬರುತ್ತಿತ್ತು ಅನ್ನುತ್ತಾಳೆ ಅಜ್ಜಿ. ಅವಳ ಮಾತಿನಲ್ಲಿ ಅರ್ಧ ಕಳೆದು ನಂಬಿದರೂ ಹೆದರಿಕೆಯಾಗುತ್ತದೆ.

ಆ ಭಯಕ್ಕೇ ನಾವು ಗುಬ್ಬಿ ಬಿಡುವುದು. ಗುಬ್ಬಿ ಅಂದರೆ ಅಂಗೈ ಮೇಲೆ ಕೂರುವಷ್ಟು ಒಂದು ತಾಮ್ರದ ಡಬ್ಬಿ. ಮೇಲೆ ಬಿಸಿಲು ಕುಡಿಯುವ ಕರೀ ಬಿಲ್ಲೆ, ಒಳಗೆ ಬ್ಯಾಟರಿ. ಚಳಿ ಎಷ್ಟಿದೆ ಎಂದು ತಿಳಿಯಲು ಒಂದು ಕಡ್ಡಿ. ಗಾಳಿ ಎಷ್ಟು ಜೋರಿದೆ ಎಂದು ತಿಳಿಯಲು ಕಾದು ಕೆಂಪಗಾಗುವ ಒಂದು ಸಣ್ಣ ತಂತಿ. ಗಾಳಿ ಬೀಸಿದಷ್ಟೂ ಅದು ತಣ್ಣಗಾಗುತ್ತದೆ. ತಂತಿಯ ಪಕ್ಕದಲ್ಲೇ ಭತ್ತದ ಕಾಳು ತೂರುವಷ್ಟು ಒಂದು ತೂತು, ಅದೇ ಗುಬ್ಬಿಯ ಕಿವಿ. ಗಾಳಿಯ ಒತ್ತಡ ಅಳೆಯುವುದು ಆ ಕಿವಿಯಿಂದ. ಒಂದೇ ಗುಬ್ಬಿ ಒಂದು ಮೂಲೆಯಲ್ಲಿ ಕೂತು ಏನು ಹೇಳಿದರೂ ಅದು ಆ ಮೂಲೆಯ ಮಾತು ಮಾತ್ರ. ಮಂಗಳದ ಉದ್ದಗಲಕ್ಕೂ ಕೂತ ಗುಬ್ಬಿಗಳೆಲ್ಲ ಒಟ್ಟಿಗೆ ಮಾತಾಡಿದರೆ ಮಾತ್ರ ಗಾಳಿ ಎಲ್ಲಿ ಹುಟ್ಟಿ ಎಲ್ಲಿಗೆ ಹೊರಟಿದೆ ಅಂತ ಗೊತ್ತಾಗುವುದು. ಕಟ್ಟೆಯ ಮೇಲೆ ಹಿತ್ತಾಳೆಯ ದೊಡ್ಡ ಕಹಳೆ ಇದೆ. ಗುಬ್ಬಿಗಳ ಚಿಲಿಪಿಲಿ ಅದರಲ್ಲಿ ಕೇಳಿಸುತ್ತದೆ. ನಾನು ಅದಕ್ಕೆ ಕಿವಿಗೊಟ್ಟು, ಅರ್ಥ ಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಜಂಬ ಅಂದುಕೊಂಡರೂ ಚಿಂತೆಯಿಲ್ಲ, ನನ್ನಂಥ ಗಂಟಲು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಈ ಕೆಲಸ ಬಿಡಲಾರದೆ ಮದುವೆಯಾದ ಮೇಲೆ ಗಂಡನನ್ನೇ ನಮ್ಮ ಮನೆಗೆ ಕರೆದುಕೊಂಡು ಬಂದವಳು ನಾನು.

ಗುಬ್ಬಿಯ ವಿಷಯದಲ್ಲಿ ಊರಿಗೆ ಒಂದು ಕಟ್ಟುಪಾಡಿದೆ. ವಯಸ್ಸಿಗೆ ಬಂದವರು, ಮದುವೆಯಾಗಿ ಊರಿಗೆ ಬಂದವರು, ಯಾರೇ ಆಗಲಿ ತಮ್ಮ ಕೈಯಾರೆ ಒಂದು ಗುಬ್ಬಿ ಮಾಡಿ ಬಿಡಬೇಕು. ಅದು ಮಂಗಳದಲ್ಲಿ ನೆಟ್ಟಗೆ ಇಳಿದು ಸರಿಯಾದ ಲೆಕ್ಕ ಹೇಳುವವರೆಗೂ ಅವರು ಕಟ್ಟೆಯ ಮೇಲೆ ಬಾಯಿ ಬಿಡುವಂತಿಲ್ಲ. ಕೂರಬಹುದು, ಕೇಳಬಹುದು, ನಗಬಹುದು, ಮಾತಾಡುವಂತಿಲ್ಲ. ನನ್ನ ಗಂಡನ ಮೊದಲ ಗುಬ್ಬಿ ಬಂಡೆಗೆ ಬಿದ್ದು ಒಡೆಯಿತು, ಎರಡನೆಯದೂ ಒಡೆಯಿತು. ಪಾಪ, ಬಹಳ ಕಾಲ ಮೂಗನ ಹಾಗೆ ಕೂತಿದ್ದ. ಮನೆಯಲ್ಲೂ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು.

ಈಗ ಸುಗುಣನ ವಿಷಯಕ್ಕೆ ಬರುತ್ತೇನೆ. ಸುಗುಣ ನನ್ನ ತಮ್ಮ ನಂಜುಂಡನ ಹೆಂಡತಿ. ಗಾಳಿ ತನಗೆ ತೋಚಿದ ಕಡೆಗೆ ಬೀಸುವ ಯಾವುದೋ ಹೊಳೆಯ ಕಡೆಯ ಊರಿನವಳು. ಅವಳಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಹಾಗಾಗಿ ತಂತಿ, ಬೆಸುಗೆ ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಮಾತೂ ಅಷ್ಟೇ ಸಲೀಸು. ಸಾರಿಗೆ ಒಗ್ಗರಣೆ ಹಾಕುವಾಗ ಒಂದು ಮಾತು, ಇಳಿಸುವಾಗ ಇನ್ನೊಂದು, ಬಡಿಸುವಾಗ ಆ ಎರಡರ ಮೇಲೆ ತನ್ನ ಅಭಿಪ್ರಾಯ. ಇಂಥವಳನ್ನು ಕಟ್ಟೆಯ ಮೇಲೆ ಬಾಯಿ ಮುಚ್ಚಿಸಿ ಕೂರಿಸುವುದೆಂದರೆ ಹಾಲು ಉಕ್ಕುವಾಗ ತಟ್ಟೆ ಮುಚ್ಚಿ ಒತ್ತಿ ಹಿಡಿದ ಹಾಗೆ. ಯಾರಾದರೂ ತಪ್ಪು ಹೇಳಿದರೆ ಅವಳ ತುಟಿ ಅದುರುವುದು ನನಗೆ ಕಾಣಿಸುತ್ತಿತ್ತು. ಒಂದು ದಿನ ಮನೆಗೆ ಬಂದು ಕಣ್ಣಲ್ಲಿ ನೀರು ತಂದುಕೊಂಡಳು. "ಅತ್ತಿಗೆ, ನಾನಿಲ್ಲಿ ನೆಂಟಳಾಗೇ ಇರ್ಬೇಕಾ? ನನ್ನ ಮಾತು ಯಾವಾಗ ಲೆಕ್ಕಕ್ಕೆ ಬರೋದು?" ಎಂದಳು. ನಾನು ಅವಳ ಕಣ್ಣೊರೆಸಿ, "ಗುಬ್ಬಿ ಮಾಡೇ. ನಿನ್ನ ಗುಬ್ಬಿಗೂ ನಿನ್ನಷ್ಟೇ ಬಾಯಿ ಇರ್ತೈತೆ, ನೋಡ್ತಿರು" ಎಂದೆ.

ಅವಳು ಮಾಡಿದ ಗುಬ್ಬಿಯ ಹಾಗೆ ಚೆಂದದ್ದನ್ನು ನಾನು ಕಂಡಿಲ್ಲ. ಬೆಸುಗೆ ಎಲ್ಲಿದೆ ಅಂತ ಬೆರಳಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಟೈಲರ್ ಬಾಬಾಜಾನ್ ಅದಕ್ಕೆ ಕೊಡೆ ಹೊಲಿದುಕೊಟ್ಟ. ಕೊಡೆ ಅಂದರೆ ಮದುವೆ ಚಪ್ಪರದಷ್ಟು ಅಗಲದ ತೆಳ್ಳನೆಯ ಬಟ್ಟೆ, ಗುಬ್ಬಿ ಬೀಳುವಾಗ ಅದನ್ನು ಹಿಡಿದುಕೊಂಡು ನಿಧಾನಕ್ಕೆ ಇಳಿಸುವುದು ಅದರ ಕೆಲಸ. "ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡದಾ ಭಾಯಿ?" ಎಂದು ಸುಗುಣ ಕೇಳಿದಳು. ಬಾಬಾಜಾನ್ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ, "ಅಲ್ಲಿ ಗಾಳೀನೇ ಇಲ್ಲ ಕಣಮ್ಮಾ. ಇರೋ ಒಂದಿಷ್ಟನ್ನ ಬಾಚ್ಕೋಬೇಕು ಅಂದ್ರೆ ಸೆರಗು ದೊಡ್ಡದಿರ್ಬೇಕು" ಎಂದ. ಕೆಳಗೆ ಒಂದು ರಬ್ಬರ್ ಚೀಲ. ಇಲ್ಲಿ ಸುಕ್ಕಾಗಿ ಬಿದ್ದಿರುವ ಚೀಲ ಅಲ್ಲಿನ ತೆಳು ಗಾಳಿಗೆ ಹೋದ ಕೂಡಲೇ ತಾನಾಗಿ ಉಬ್ಬಿ ಗುಬ್ಬಿಗೆ ದಿಂಬಾಗುತ್ತದೆ.

ಬಿಡುವ ಹಿಂದಿನ ದಿನ ಗುಬ್ಬಿಗೆ ಎಣ್ಣೆ ಮುಟ್ಟಿಸಿ, ಅರಿಶಿನ ಕುಂಕುಮ ಇಟ್ಟು, ದೃಷ್ಟಿ ತೆಗೆದು ಮನೆಯ ಹಿರಿಯರ ಮಡಿಲಲ್ಲಿ ಮಲಗಿಸುವುದು ಪದ್ಧತಿ. ಅಜ್ಜಿಯ ಮಡಿಲಲ್ಲಿ ಮಲಗಿಸಿದೆವು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೊಮ್ಮಗುವಿಗೆ ಹೇಳುವ ಹಾಗೆ ಏನೇನೋ ಹೇಳುತ್ತಾ ಕೂತಿದ್ದಳು. ಬೆಳಿಗ್ಗೆ ಸುಗುಣ ಗುಬ್ಬಿಯನ್ನು ಬಾವಿಗೆ ಬಿಟ್ಟಳು. ಕೊಡೆ ಬಿಚ್ಚಿಕೊಂಡು ಬೆಲ್ಲದ ಬಣ್ಣದ ಆಕಾಶದಲ್ಲಿ ಚುಕ್ಕೆಯಾಗುವವರೆಗೂ ನಾವೆಲ್ಲ ಬಗ್ಗಿ ನೋಡಿದೆವು.

ಗುಬ್ಬಿ ಬದುಕಿತು. ಮಾರನೆಯ ದಿನ ಕಹಳೆಯಲ್ಲಿ ಹೊಸ ದನಿ ಕೇಳಿದಾಗ ನಾನು ಕುಣಿದಾಡಿಬಿಟ್ಟೆ. ಅಷ್ಟು ಗಟ್ಟಿಯಾದ, ಸ್ಪಷ್ಟವಾದ ದನಿ. ಅದು ಏಳುವ ಹೊತ್ತು, ಮಲಗುವ ಹೊತ್ತು ನೋಡಿ ಸುಗುಣ ಮನೆಯಲ್ಲಿ ಕೂತು ಲೆಕ್ಕ ಹಾಕಿದಳು. "ಅತ್ತಿಗೆ, ಇದು ಬಾಣಲೆಯಲ್ಲಿ ಕೂತೈತೆ!" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಬಾಣಲೆ ಅಂದರೆ ಮಂಗಳದ ದಕ್ಷಿಣಕ್ಕಿರುವ ಭಾರೀ ತಗ್ಗು. ದೊಡ್ಡ ಬಿರುಗಾಳಿಗಳು ಹುಟ್ಟುವುದೇ ಅಲ್ಲಿ. ಅಲ್ಲಿ ಒಂದು ಗುಬ್ಬಿ ಕೂರಲಿ ಎಂದು ಊರಿನವರು ತಲೆತಲಾಂತರದಿಂದ ಹರಸಿಕೊಳ್ಳುತ್ತಿದ್ದರೂ ಒಂದೂ ಬಿದ್ದಿರಲಿಲ್ಲ. ನಾನು ಎದೆಯುಬ್ಬಿಸಿ ಕಟ್ಟೆ ಹತ್ತಿ ಕೂಗಲು ಬಾಯಿ ತೆರೆದೆ. ಚಳಿಯ ಲೆಕ್ಕ ಸರಿಯಾಗಿತ್ತು, ಕೂಗಿದೆ. ಗಾಳಿಯ ಲೆಕ್ಕವೂ ಸರಿಯಾಗಿತ್ತು, ಕೂಗಿದೆ. ಒತ್ತಡದ ಲೆಕ್ಕ ಬಂತು. ಮಿಕ್ಕ ಗುಬ್ಬಿಗಳು ಆರು, ಏಳು ಅನ್ನುತ್ತವೆ. ಇದು ಒಂಬೈನೂರು ಅಂದಿತು.

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಚ್ಚಳದ ಯಜಮಾನ ಚಿಕ್ಕಲಿಂಗಯ್ಯ, ಬಾವಿಗೆ ಮುಚ್ಚಳ ಎಳೆಸುವ ಅಧಿಕಾರ ಇರುವುದು ಅವನೊಬ್ಬನಿಗೇ, ಅವನಂತೂ ಕಣ್ಣೊರೆಸಿಕೊಂಡು, "ಹೊನ್ನಕ್ಕಾ, ನಿಮ್ಮನೆ ಗುಬ್ಬಿ ಮಂಗಳಕ್ಕೆ ಹೋಗೇ ಇಲ್ಲ, ನಿಮ್ಮ ಅಟ್ಟದ ಮೇಲೇ ಕೂತೈತೆ ನೋಡು" ಎಂದ. ಏಕೆಂದರೆ ಒಂಬೈನೂರು ಅನ್ನುವುದು ನಮ್ಮೂರಿನ ಗಾಳಿಯ ಒತ್ತಡ. ಅದಕ್ಕೆ ಕಿವುಡುಗುಬ್ಬಿ ಎಂದು ಹೆಸರಿಟ್ಟರು. ಲೆಕ್ಕ ತಪ್ಪಿದ ಗುಬ್ಬಿ ಲೆಕ್ಕಕ್ಕಿಲ್ಲ, ಸುಗುಣನ ಬಾಯಿಯ ಬೀಗವೂ ತೆಗೆಯಲಿಲ್ಲ. ಅವಳು ದಿನಾ ತನ್ನ ಬೆಸುಗೆಯನ್ನು ನೆನೆಸಿಕೊಂಡು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು. ಮಾತು ಕಡಿಮೆಯಾಯಿತು. ಅಡುಗೆಮನೆಯಲ್ಲಿ ಒಗ್ಗರಣೆಯ ಚಟಪಟ ಒಂದೇ ಕೇಳುತ್ತಿತ್ತು.

ಹಪ್ಪಳದ ಕಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ನಾನು ಕಹಳೆಯ ಮುಂದೆ ಕೂತಿದ್ದಾಗ ಸುಗುಣ ಓಡೋಡಿ ಬಂದು, ಮಾತಾಡಲೆಂದು ನನ್ನನ್ನು ಕಟ್ಟೆಯಿಂದ ಕೆಳಗೆ ಎಳೆದಳು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. "ಅತ್ತಿಗೆ, ಒತ್ತಡದ ಮಾತು ಬಿಡಿ. ಚಳೀದು ಮಾತ್ರ ಕೇಳಿ. ಬಾಣಲೇಲಿ ಹಗಲು ಬಿಸಿಲು ಕಮ್ಮಿ ಆಗ್ತಾ ಬಂದೈತೆ, ರಾತ್ರಿ ಚಳೀನೂ ಕಮ್ಮಿ ಆಗ್ತಾ ಬಂದೈತೆ. ಎರಡೂ ಒಟ್ಟಿಗೇ ಕಮ್ಮಿ ಆಗೋದು ಯಾವಾಗ ಹೇಳಿ?" ಮೇಲೆ ಧೂಳು ಕವಿದರೆ ಕಂಬಳಿ ಹೊದ್ದ ಹಾಗೆ. ಹೊರಗಿನ ಬಿಸಿಲು ಒಳಗೆ ಬರುವುದಿಲ್ಲ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. "ಧೂಳು ಏಳ್ತಾ ಐತೆ" ಎಂದೆ. "ಏಳ್ತಾ ಇಲ್ಲ, ಎದ್ದೈತೆ. ಇವತ್ತು ನಾಳೆ ಅನ್ನೋ ಹಾಗಿಲ್ಲ" ಎಂದಳು.

ಚಿಕ್ಕಲಿಂಗಯ್ಯನ ಹತ್ತಿರ ಓಡಿದೆ. ಅವನು ಮುಚ್ಚಳದ ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದ. ಮುಚ್ಚಳ ಅಂದರೆ ಹಲಸಿನ ದಿಮ್ಮಿಗಳನ್ನು ಜೋಡಿಸಿ ಅಂಚಿಗೆ ತೊಗಲು ಹೊಡೆದ, ಒಂದು ಮನೆಯಷ್ಟು ಅಗಲದ ವಸ್ತು. ಊರಿಗೆ ಊರೇ ಹಗ್ಗ ಹಿಡಿದರೆ ಮಾತ್ರ ಅಲುಗುವುದು. ಒಮ್ಮೆ ಮುಚ್ಚಿ ಅಂಚಿಗೆ ಜೇಡಿಮಣ್ಣು ಮೆತ್ತಿದರೆ ಮಂಗಳದ ಧೂಳುಗಾಲ ಮುಗಿಯುವ ತನಕ ತೆಗೆಯುವಂತಿಲ್ಲ. ಗಾಳಿ ಇರುವುದಿಲ್ಲ, ಹಪ್ಪಳ ಇರುವುದಿಲ್ಲ, ಗುಬ್ಬಿಗಳ ದನಿಯೂ ಕೇಳಿಸುವುದಿಲ್ಲ. ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ, ಅದನ್ನು ಹೇಳಲೇಬೇಕು. ಆಮೇಲೆ, "ಮಿಕ್ಕ ಗುಬ್ಬಿಗಳು ಏನಂತಾವೆ?" ಎಂದ. ಮಿಕ್ಕ ಗುಬ್ಬಿಗಳೆಲ್ಲ ನೆಮ್ಮದಿಯಾಗಿದ್ದವು. "ನೋಡು ಹೊನ್ನಕ್ಕಾ, ಹೋದ ಸಲ ಸುಮ್ಸುಮ್ನೆ ಮುಚ್ಚಿಸಿ ಊರೋರ ಬಾಯಲ್ಲಿ ಬೈಸ್ಕೊಂಡಿದ್ದು ಸಾಕಾಗೈತೆ. ಈಗ್ಲೂ ಸಂತೇಲಿ ಹೆಂಗಸರು ನನ್ನ ಕಂಡ್ರೆ ಹಪ್ಪಳ ಬಚ್ಚಿಡ್ತಾರೆ. ಕಿವುಡುಗುಬ್ಬಿ ಮಾತು ಕೇಳಿ ಇನ್ನೊಂದು ಸಲ ಮುಚ್ಚಿಸ್ಲಾ? ಅದರ ಕಿವಿ ಸರಿಯಾಗ್ಲಿ, ಒತ್ತಡ ಬೀಳ್ತೈತೆ ಅಂತ ಹೇಳ್ಲಿ, ಆ ಗಳಿಗೇಲೇ ಹಗ್ಗ ಹಿಡಿಸ್ತೀನಿ. ಅಲ್ಲೀವರೆಗೂ ನಿಮ್ಮ ಸುಗುಣ ಬಾಯಿ ಬಿಡಂಗಿಲ್ಲ, ಅವಳ ಗುಬ್ಬೀನ ನೀನು ಕೂಗಂಗಿಲ್ಲ." ಅವನ ಮಾತಿನಲ್ಲಿ ನ್ಯಾಯ ಇರಲಿಲ್ಲ ಅನ್ನಲಾರೆ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಮನೆಗೆ ಬಂದು ಕಾಲು ಅಪ್ಪಳಿಸಿದೆ. ಕಿವುಡು, ಕಿವುಡು ಎಂದು ಯಾರು ಯಾರನ್ನೋ ಬೈದೆ. ಸುಗುಣ ಗೋಡೆಗೊರಗಿ, "ಒಳಗಡೆ ನಮ್ಮೂರ ಗಾಳೀನೇ ಉಳ್ಕೊಂಡಿರೋ ಹಾಗೆ ಮಾತಾಡ್ತೈತೆ ಅತ್ತಿಗೆ. ಕಿವಿ ತೆರೆದೇ ಬಿಟ್ಟಿದ್ದೆ, ನಾನೇ ಊದಿ ನೋಡಿದ್ದೆ" ಎಂದಳು. ಮೂಲೆಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದ ಅಜ್ಜಿ ತಲೆಯೆತ್ತಿದಳು. "ಕಿವಿ ತೆರೆದು ಬಿಟ್ಟಿದ್ಯಲ್ಲವ್ವಾ, ಅದನ್ನ ಕಂಡೇ ನಂಗೆ ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಅಲ್ಲಿ ಎಂಥಾ ಚಳಿ ಅಂತ ಇವಳು ದಿನಾ ಕೂಗ್ತಾಳೆ, ನಾನು ಕೇಳಿಸ್ಕೊಳಲ್ವಾ? ಹಸಗೂಸಿಗೆ ಕಿವಿಗೆ ಗಾಳಿ ಹೋದ್ರೆ ಉಳೀತದಾ? ಅದಕ್ಕೇ ಹತ್ತಿ ಹೊಸೆದು, ಹರಳೆಣ್ಣೇಲಿ ಅದ್ದಿ, ಭದ್ರವಾಗಿ ಇಟ್ಟು ಕಳಿಸ್ದೆ" ಎಂದಳು.

ಅಜ್ಜಿಗೆ ತಾನು ಮಾಡಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಈ ಊರಿನ ಬಾಣಂತಿಯರೆಲ್ಲ, ಕೂಸುಗಳೆಲ್ಲ ಅವಳು ಕಿವಿಗಿಟ್ಟ ಹತ್ತಿಯಿಂದಲೇ ಬದುಕಿದವರು ಎಂದು ಅವಳ ನಂಬಿಕೆ. ನಾನೂ ಅದೇ ಹತ್ತಿಯಲ್ಲಿ ಬೆಳೆದವಳು. ಸುಗುಣ ಮೊದಲು ಅತ್ತಳು. ಆಮೇಲೆ ಅಳುತ್ತಲೇ ನಗಲು ಶುರುಮಾಡಿದಳು, ನನಗೂ ತಡೆಯಲಾಗಲಿಲ್ಲ. ಬಾವಿಯ ಅರ್ಧ ದಾರಿಗೇ ಎಣ್ಣೆ ಹೆಪ್ಪುಗಟ್ಟಿ ಕಲ್ಲಾಗಿರಬೇಕು. ನಮ್ಮೂರಿನ ಗಾಳಿಯನ್ನು ಹೊಟ್ಟೆಯಲ್ಲಿ ತುಂಬಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಗುಬ್ಬಿ ಬಾಣಲೆಯಲ್ಲಿ ಬೆಚ್ಚಗೆ ಕೂತಿತ್ತು. "ಹಾಗಾದ್ರೆ ನನ್ನ ಬೆಸುಗೆ ತಪ್ಪಿರ್ಲಿಲ್ಲ! ಒಂಬೈನೂರು ಅಂದಿದ್ದೂ ನಿಜವಾದ ಲೆಕ್ಕಾನೇ!" ಎಂದು ಸುಗುಣ ಎದ್ದು ನಿಂತಳು. ಮರುಕ್ಷಣವೇ ಅವಳ ಕಣ್ಣು ಬೇರೆ ಥರ ಹೊಳೆಯಿತು. "ಅತ್ತಿಗೆ, ಕಿವಿ ಪಕ್ಕದಲ್ಲೇ ಗಾಳಿ ತಂತಿ ಐತೆ. ಅದನ್ನ ಬಿಡದೆ ಕಾಯಿಸಿದ್ರೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿ ಅಳೆ ಎಂದು ಗುಬ್ಬಿಗೆ ಹೇಳುವುದು ಕಹಳೆಯಲ್ಲಿ ನೀಳವಾಗಿ ಸಿಳ್ಳೆ ಹೊಡೆದು. ಸಿಳ್ಳೆ ಕೇಳಲು ಅದಕ್ಕೆ ಆ ಒತ್ತಡದ ಕಿವಿ ಬೇಕಿಲ್ಲ, ಕೇಳುವಷ್ಟು ಹೊತ್ತು ಅದು ತಂತಿ ಕಾಯಿಸುತ್ತದೆ. ಒಂದೊಂದು ಮನೆಗೂ ಒಂದೊಂದು ಸಿಳ್ಳೆಯ ಧಾಟಿ ಉಂಟು, ಬೇರೆ ಮನೆಯವರ ಸಿಳ್ಳೆಗೆ ಗುಬ್ಬಿ ಓಗೊಡುವುದಿಲ್ಲ. ಸಾಮಾನ್ಯವಾಗಿ ಒಂದು ಉಸಿರಿನ ಸಿಳ್ಳೆ ಸಾಕು. ಹೆಪ್ಪುಗಟ್ಟಿದ ಹರಳೆಣ್ಣೆ ಕರಗಬೇಕಾದರೆ ನಿಲ್ಲಿಸದೆ ಹೊಡೆಯಬೇಕು. ಅಷ್ಟು ಹೊತ್ತು ತಂತಿ ಕಾದರೆ ಬ್ಯಾಟರಿ ಬರಿದಾಗುತ್ತದೆ, ಮೇಲೆ ಧೂಳು ಕವಿಯುತ್ತಿರುವಾಗ ಬಿಸಿಲು ಕುಡಿದು ಚೇತರಿಸಿಕೊಳ್ಳುವುದೂ ಕಷ್ಟ. ಗುಬ್ಬಿ ಸತ್ತರೆ ಸುಗುಣ ಹೊಸದು ಮಾಡಬೇಕು, ಅದನ್ನು ಬಿಡಲು ಮುಚ್ಚಳ ತೆಗೆಯುವವರೆಗೂ ಕಾಯಬೇಕು, ಅಷ್ಟೂ ಕಾಲ ಮೂಗಿಯಾಗಿರಬೇಕು. ಬಾಣಲೆಗೆ ಇನ್ನೊಂದು ಗುಬ್ಬಿ ಬೀಳುವುದಂತೂ ಕನಸಿನ ಮಾತು. ಇದನ್ನೆಲ್ಲ ನಾನು ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸುಳ್ಳು ಹೇಳೋ ಗುಬ್ಬಿ ಇಟ್ಕೊಂಡು ಏನ್ ಮಾಡ್ಲಿ ಅತ್ತಿಗೆ? ಊರು ಮುಳುಗೋವಾಗ ಸುಮ್ನೆ ಕೂರೋಕೆ ನನ್ನ ಕೈಲಾಗಲ್ಲ" ಎಂದಳು.

ಕಟ್ಟೆಗೆ ನಡೆದೆವು, ಅಜ್ಜಿಯೂ ಕೋಲೂರಿಕೊಂಡು ಬಂದಳು. ಮಟಮಟ ಮಧ್ಯಾಹ್ನ. ಕಟ್ಟೆಯ ತುಂಬ ಹಪ್ಪಳ. ಸುಗುಣ ಕಹಳೆಯ ಮುಂದೆ ಕೂತು ನಮ್ಮ ಮನೆಯ ಸಿಳ್ಳೆ ಶುರುಮಾಡಿದಳು. ಮೊದಲು ಯಾರೂ ಗಮನಿಸಲಿಲ್ಲ. ಸಿಳ್ಳೆ ನಿಲ್ಲದಿದ್ದಾಗ ಹೆಂಗಸರು ಲಟ್ಟಣಿಗೆ ಕೆಳಗಿಟ್ಟು ಬಂದರು. ಬಾಬಾಜಾನ್ ಹೊಲಿಗೆಯಂತ್ರ ಬಿಟ್ಟು ಬಂದ. ಚಿಕ್ಕಲಿಂಗಯ್ಯ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಬಂದು, "ಏನಿದು?" ಎಂದ. ನಾನು ಗಂಟಲೆತ್ತಿ ಊರಿಗೆಲ್ಲ ಕೇಳುವ ಹಾಗೆ ಹತ್ತಿಯ ಕತೆ ಹೇಳಿದೆ. ನಕ್ಕರು, ನಗಲಿ ಅಂತಲೇ ಹೇಳಿದ್ದೆ. ಆದರೆ ನಗು ಬೇಗ ನಿಂತಿತು. ಅಲ್ಲಿದ್ದ ಪ್ರತಿ ತಾಯಿಯೂ ಅಂಥ ಹತ್ತಿ ಇಟ್ಟವಳೇ. "ಕರಗ್ತದಾ?" ಎಂದು ಒಬ್ಬಳು ಕೇಳಿದಳು. "ನನ್ನ ಬಾಣಂತನದಲ್ಲಿ ಹರಳೆಣ್ಣೆ ಬಿಸಿ ಮಾಡೋಕೆ ಹಂಡೆ ಒಲೆ ಮುಂದೆ ಎಷ್ಟೊತ್ತು ಇಡ್ತಿದ್ರು" ಎಂದು ಇನ್ನೊಬ್ಬಳು ಲೆಕ್ಕ ಹಾಕತೊಡಗಿದಳು.

ಸುಗುಣನ ಮುಖ ಕೆಂಪಾಯಿತು, ಉಸಿರು ಸಾಲದಾಯಿತು. ಅವಳು ಬಿಟ್ಟ ಕಡೆ ನಾನು ಹಿಡಿದೆ. ನನ್ನ ಸಿಳ್ಳೆ ಕೇಳಿ ಕಟ್ಟೆಯ ಪಾರಿವಾಳಗಳು ಎದ್ದುಹೋದವು. ನಾನು ಸೋತಾಗ ಅವಳು, ಅವಳು ಸೋತಾಗ ನಾನು. ನಂಜುಂಡ ಸಂತೆಗೆ ಹೋಗಿದ್ದ, ನನ್ನ ಗಂಡನಿಗೆ ಹುಟ್ಟಾ ಸಿಳ್ಳೆ ಬರುವುದಿಲ್ಲ. ನಡುವೆ ಒಮ್ಮೆ ಇಬ್ಬರಿಗೂ ದಮ್ಮು ಕಟ್ಟಿದಾಗ ಅಜ್ಜಿ ನಮ್ಮನ್ನು ಸರಿಸಿ ಕಹಳೆಗೆ ಬಾಯಿಟ್ಟಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಫೂ ಫೂ ಎಂದು ಬರೀ ಗಾಳಿ ಬಂತು. ಆದರೂ ಬಿಡದೆ ಊದಿದಳು. ಯಾರೂ ನಗಲಿಲ್ಲ. ಗುಬ್ಬಿಗೆ ಅವಳ ಫೂ ಫೂ ಅರ್ಥವಾಯಿತೋ ಇಲ್ಲವೋ, ತಂತಿಯ ಕಾವು ಇಳಿಯಲಿಲ್ಲ ಅನ್ನುವುದು ಮಾತ್ರ ಚಿಲಿಪಿಲಿಯಲ್ಲಿ ನನಗೆ ಗೊತ್ತಾಗುತ್ತಿತ್ತು.

ಆ ಚಿಲಿಪಿಲಿ ಸಣ್ಣದಾಗುತ್ತಾ ಹೋಯಿತು. ಒಂಬೈನೂರು, ಒಂಬೈನೂರು, ಒಂಬೈನೂರು. ಪ್ರತಿ ಸಲವೂ ಮೊದಲಿಗಿಂತ ಕ್ಷೀಣ. "ಸಾಕು ಬಿಡವ್ವಾ, ಸತ್ತೋಗ್ತೈತೆ" ಎಂದು ಚಿಕ್ಕಲಿಂಗಯ್ಯನೇ ಹೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಸುಗುಣ ತಲೆ ಅಲ್ಲಾಡಿಸಿ ಕೊನೆಯದೊಂದು ಉಸಿರು ಎಳೆದುಕೊಂಡು ಸಿಳ್ಳೆ ಹೊಡೆದಳು. ಅದು ಮುಗಿಯುವಷ್ಟರಲ್ಲಿ ಕಹಳೆ ಮೌನವಾಯಿತು. ನಾನು ಕಿವಿ ಆನಿಸಿದೆ. ಏನೂ ಇಲ್ಲ. ಮಿಕ್ಕ ಗುಬ್ಬಿಗಳು ದೂರದಲ್ಲಿ ತಮ್ಮ ಪಾಡಿಗೆ ಉಲಿಯುತ್ತಿದ್ದವು, ನಮ್ಮದು ಇರಲಿಲ್ಲ. ಸುಗುಣ ನನ್ನ ಭುಜಕ್ಕೆ ಹಣೆಯಿಟ್ಟು ಕೂತುಬಿಟ್ಟಳು. ನನ್ನ ಕುಪ್ಪಸ ಒದ್ದೆಯಾಯಿತು. ಬಾಬಾಜಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ಗಾಳಿ ಅದನ್ನೂ ಕಿತ್ತುಕೊಂಡು ಬಾವಿಗೆ ಹಾಕಿತು.

ಆಗ ಕಹಳೆಯಲ್ಲಿ ಚಿಲಿಪ್ ಅಂದಿತು. ಇರುವೆ ಕೂಗಿದ ಹಾಗೆ. ಧೂಳಿನ ಸಂದಿಯಲ್ಲಿ ಒಂದು ಗುಟುಕು ಬಿಸಿಲು ಕುಡಿದಿತ್ತೇನೋ. ನಾನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದೆ, ಅವರು ಮೊದಲೇ ಸುಮ್ಮನಿದ್ದರು. ಇನ್ನೊಮ್ಮೆ ಅಂದಿತು. ಮೊದಲು ಗಾಳಿಯ ಲೆಕ್ಕ ಬಂತು: ಒಂದು ದೊಡ್ಡ ರಪ್ಪನೆಯ ಬೀಸು, ಮತ್ತೆ ತಗ್ಗಿದ್ದು. ಅದು ಮಂಗಳದ ಗಾಳಿಯಲ್ಲ. ಎಣ್ಣೆ ಕರಗಿದ ಕೂಡಲೇ ಒಳಗಿದ್ದ ನಮ್ಮೂರಿನ ಗಾಳಿ ಹತ್ತಿಯನ್ನು ಒದ್ದು ಹೊರಗೆ ಬಂದದ್ದು. ಆಮೇಲೆ ಒತ್ತಡದ ಲೆಕ್ಕ. ನಾನು ಎರಡು ಸಲ ಕೇಳಿಸಿಕೊಂಡೆ, ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆಮೇಲೆ ಕಟ್ಟೆಯ ಮೇಲೆ ನಿಂತು, ಹುಟ್ಟಿದಾಗಿನಿಂದ ಕೂಗದಷ್ಟು ಜೋರಾಗಿ ಕೂಗಿದೆ. "ಸುಗುಣನ ಗುಬ್ಬಿ! ಬಾಣಲೆ! ಒತ್ತಡ ಹನ್ನೊಂದು!"

ತಗ್ಗಿದಷ್ಟೂ ಒತ್ತಡ ಹೆಚ್ಚು, ಮಂಗಳದಲ್ಲಿ ಹನ್ನೊಂದು ಹೇಳಬಲ್ಲಷ್ಟು ತಗ್ಗಿನ ಜಾಗ ಬಾಣಲೆಯ ತಳ ಒಂದೇ. ಊರು ಹೋ ಎಂದು ಅರಚಿತು. ಯಾರೋ ಸುಗುಣನನ್ನು ಎತ್ತಿ ನಿಲ್ಲಿಸಿದರು, ಯಾರೋ ಅಜ್ಜಿಯ ಕಾಲಿಗೆ ಬಿದ್ದರು. ನಾನು ಕಹಳೆ ಬಿಡಲಿಲ್ಲ. ಮುಂದಿನ ಚಿಲಿಪಿಲಿ ಬಂತು. "ಹತ್ತೂವರೆ!" ಎಂದೆ. ಗದ್ದಲ ಸ್ವಲ್ಪ ತಗ್ಗಿತು. "ಹತ್ತು!" ಎಂದೆ. ಗದ್ದಲ ನಿಂತೇಹೋಯಿತು. ಒತ್ತಡ ಹೀಗೆ ಜಾರುವುದೆಂದರೆ ಏನೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಚಿಕ್ಕಲಿಂಗಯ್ಯನ ಕಡೆ ನೋಡಿದರು. ಚಿಕ್ಕಲಿಂಗಯ್ಯ ಸುಗುಣನ ಕಡೆ ನೋಡಿದ. "ನಿನ್ನ ಗುಬ್ಬಿ ಮಾತಾಡ್ತು ಕಣವ್ವಾ" ಎಂದ. "ಈಗ ನೀನು ಹೇಳು."

ಇಷ್ಟು ದಿನ ಅದುಮಿಟ್ಟುಕೊಂಡ ಮಾತುಗಳೆಲ್ಲ ಈಗ ಒಟ್ಟಿಗೆ ನುಗ್ಗುತ್ತವೆ ಎಂದುಕೊಂಡೆ. ಸುಗುಣ ಬಾಯಿ ತೆರೆದಳು. ಸಿಳ್ಳೆ ಹೊಡೆದು ಹೊಡೆದು ಅವಳ ತುಟಿ ಬಾತಿತ್ತು. ಕಟ್ಟೆಯ ಮೇಲೆ ಅವಳು ಆಡಿದ ಮೊದಲ ಮಾತು ಒಂದೇ ಒಂದು.

"ಮುಚ್ಚಿ."

ಊರಿಗೆ ಊರೇ ಹಗ್ಗಕ್ಕೆ ಬಿತ್ತು. ಹಪ್ಪಳ ತುಳಿದುಕೊಂಡು ಓಡಿದೆವು, ಕಾಲಡಿಯಲ್ಲಿ ಅವು ಪಟಪಟ ಒಡೆದವು, ಒಬ್ಬಳೂ ಅಯ್ಯೋ ಅನ್ನಲಿಲ್ಲ. ಹಲಸಿನ ಮುಚ್ಚಳ ಕಿರ್ರೆನ್ನುತ್ತಾ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಹೇಳಲೇಬೇಕಾದ ಮಾತು, ನನ್ನ ಗಂಡ ಅವತ್ತು ಎತ್ತಿನ ಹಾಗೆ ಎಳೆದ. ಮುಚ್ಚಳ ಅರ್ಧ ಬಾವಿ ದಾಟುವಷ್ಟರಲ್ಲಿ ತಂತಿಯ ಮೇಲಿನ ಸೀರೆಗಳು ನೆಟ್ಟಗೆ ಜೋತುಬಿದ್ದವು. ಆಮೇಲೆ ನಾವು ಯಾರೂ ಎಂದೂ ನೋಡದ ಹಾಗೆ ಇನ್ನೊಂದು ಕಡೆಗೆ ವಾಲಿದವು. ಬಾವಿಯಿಂದ ಮೊದಲ ಕೆಂಪು ಹೊಗೆ ಎದ್ದಿತು. "ಎಳೀರೋ!" ಎಂದು ಚಿಕ್ಕಲಿಂಗಯ್ಯ ಕೂಗಿದ, ಅವನ ದನಿ ಸಾಲದೆ ನಾನು ಕೂಗಿದೆ. ಗಂಡಸರು ಹೆಂಗಸರೆಲ್ಲ ಕೆಂಪುಕೆಂಪಾಗಿ, ಯಾರು ಯಾರೆಂದು ಗುರುತು ಸಿಗದ ಹಾಗಾಗಿ ಎಳೆದೆವು. ಮುಚ್ಚಳ ಧಡ್ ಎಂದು ಕೂತಿತು. ಸುಗುಣ ಅಂಚಿನ ಸುತ್ತ ಓಡಾಡುತ್ತಾ, ಇಲ್ಲಿ ಮೆತ್ತಿ, ಅಲ್ಲಿ ಮೆತ್ತಿ, ಅಲ್ಲಲ್ಲ ಇಲ್ಲಿ, ನೀರು ಜಾಸ್ತಿಯಾಯಿತು, ಮಣ್ಣು ಸಾಲದು ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಿಲ್ಲಿಸಲೇ ಇಲ್ಲ. ನನ್ನ ಜನ್ಮದಲ್ಲಿ ಅಷ್ಟು ಖುಷಿಯಾಗಿ ಬೈಸಿಕೊಂಡ ಜನರನ್ನು ನಾನು ಕಂಡಿಲ್ಲ.

ಕೊನೆಯ ಸಂದು ಮುಚ್ಚುವ ಹೊತ್ತಿಗೆ ಒಳಗೆ ಬಿರುಗಾಳಿ ಬಂದು ಮುಚ್ಚಳಕ್ಕೆ ತಲೆ ಗುದ್ದಿತು. ನೆಲ ನಡುಗಿತು. ಆ ಮೊರೆತಕ್ಕೆ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದಾಯಿತು, ನನ್ನ ಕೂಗೂ ಕೂಡ. ಮುಚ್ಚಳ ತಡೆಯಿತು. ನಾವು ಕೆಂಪು ಮುಖಗಳಲ್ಲಿ ಬಿಳಿ ಹಲ್ಲು ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ಕೂತೆವು. ಅಜ್ಜಿ ಎಲ್ಲಿಂದಲೋ ಒಂದು ಬಟ್ಟಲು ತಂದಿದ್ದಳು. ಸದ್ದು ಕಿವಿಗೆ ಹೊಡೆಯದಿರಲಿ ಎಂದು ಹರಳೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕುಂಟುತ್ತಾ ಎಲ್ಲರಿಗೂ ಹಂಚಿದಳು. ಚಿಕ್ಕಲಿಂಗಯ್ಯ ಬಗ್ಗಿ ತಲೆ ಒಡ್ಡಿದ, ಅವನ ಎರಡು ಕಿವಿಗೂ ಇಟ್ಟಳು. ನನಗೂ ಇಟ್ಟಳು. ಸುಗುಣನ ಹತ್ತಿರ ಹೋದಾಗ ಸುಗುಣ ಒಂದು ಕಿವಿಯನ್ನು ಒಡ್ಡಿ ಹತ್ತಿ ಇಡಿಸಿಕೊಂಡಳು. ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡು ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಆ ತೆರೆದ ಕಿವಿಯನ್ನು ಮುಚ್ಚಳಕ್ಕೆ ಆನಿಸಿ, ತನ್ನ ಗುಬ್ಬಿ ಇನ್ನೂ ಮಾತಾಡುತ್ತಿದೆಯೇನೋ ಎಂದು ಕೇಳುತ್ತಾ ಕೂತಳು.